ಜನವರಿಯಲ್ಲಿ ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಗೆ ಕಾರಲ್ಲೇ ಹೋಗಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕಿದೆ. ಜನವರಿ ಕೊನೆಗೆ ಎಡಿಸನ್ ಮನೆ ಖಾಲಿ ಮಾಡಿ, ನಾಲ್ಕು ವರ್ಷದ ಮಗನ ಜೊತೆ ಕಾರಲ್ಲೇ ಹೊರಡೋಣ ಅಂತಿದ್ದೀವಿ. ಮ್ಯಾಪ್ ಐ-80 ಹೆದ್ದಾರಿ ತೋರಿಸುತ್ತಿದೆ. ಆ ಹಿಮದಲ್ಲಿ ಹೋಗಬಹುದಾ?

ಹೋಗಬಹುದು. ಆದರೆ ಐ-80 ಬೇಡ.

ಸುಮಾರು 2,900 ಮೈಲಿ, ಹತ್ತಿರದ ದಾರಿ ಅದೇ. ತೊಂದರೆ ಇರುವುದು ನಡುವೆ ಸಿಗುವ ವಯೋಮಿಂಗ್ ರಾಜ್ಯದಲ್ಲಿ. ಶಯೆನ್ ದಾಟಿ ಲಾರಮಿ ಕಡೆ ಹೋಗುವಾಗ ರಸ್ತೆ 8,640 ಅಡಿಗೆ ಏರುತ್ತದೆ. ಇಡೀ ಐ-80ರಲ್ಲೇ ಎತ್ತರದ ಜಾಗ ಅದು. ಲಾರಮಿಯಿಂದ ರಾಲಿನ್ಸ್‌ವರೆಗೆ ಸುಮಾರು 100 ಮೈಲಿ ಗಾಳಿಯದ್ದೇ ರಾಜ್ಯ. ಹೊಸದಾಗಿ ಹಿಮ ಬೀಳಲೇಬೇಕು ಅಂತಿಲ್ಲ. ಮೊದಲೇ ಬಿದ್ದದ್ದನ್ನು ಗಾಳಿ ಎತ್ತಿ ರಸ್ತೆಗೆ ಅಡ್ಡ ಬೀಸುತ್ತದೆ. ಮೇಲೆ ಆಕಾಶ ನೀಲಿಯಾಗಿರುತ್ತದೆ, ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣಲ್ಲ. ಅಂಥ ದಿನ ಊರಾಚೆ ಗೇಟ್ ಹಾಕಿ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಚಿಕ್ಕ ಊರುಗಳು, ಹೋಟೆಲ್ ರೂಮು ಬೇಗ ತುಂಬುತ್ತವೆ. ಹಿಂದೆ ಟ್ರೇಲರ್ ಕಟ್ಟಿಕೊಂಡಿದ್ದರಂತೂ ಆ ಗಾಳಿಗೆ ಅದು ಮಗುಚಬಹುದು. ಇಷ್ಟೆಲ್ಲ ದಾಟಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ಪರ್ವತದ ಡಾನರ್ ಘಟ್ಟ ಕಾದಿರುತ್ತದೆ. ಸುಮಾರು 7,200 ಅಡಿ. ಹಿಮ ಜೋರಾದರೆ ಸಾಮಾನ್ಯ ಕಾರಿನ ಟೈರಿಗೆ ಅಲ್ಲಿ ಚೈನ್ ಕಡ್ಡಾಯ.

ಅದಕ್ಕೇ ದಕ್ಷಿಣಕ್ಕೆ ಇಳಿಯಿರಿ. ಐ-81ರಲ್ಲಿ ವರ್ಜೀನಿಯಾ ದಾಟಿ, ಟೆನ್ನೆಸ್ಸೀಯಲ್ಲಿ ಐ-40 ಹಿಡಿಯಿರಿ. 200-300 ಮೈಲಿ ಜಾಸ್ತಿಯಾಗುತ್ತದೆ, ಆಗಲಿ. ದಕ್ಷಿಣ ಅಂದಮಾತ್ರಕ್ಕೆ ಹಿಮ ಇಲ್ಲ ಅಂತಲ್ಲ. ಒಕ್ಲಹೋಮಾದಲ್ಲಿ ಬಿದ್ದ ಮಳೆ ರಸ್ತೆಯ ಮೇಲೇ ಗಾಜಿನ ಹಾಗೆ ಗಟ್ಟಿಯಾಗುವುದುಂಟು. ಆ ದಿನ ರೂಮಿನಿಂದ ಹೊರಡಲೇಬೇಡಿ. ಅರಿಜೋನಾದ ಫ್ಲಾಗ್‌ಸ್ಟಾಫ್ ಸುಮಾರು 7,000 ಅಡಿಯಲ್ಲಿದೆ, ವರ್ಷಕ್ಕೆ ಹೆಚ್ಚುಕಮ್ಮಿ 100 ಇಂಚು ಹಿಮ ಬೀಳುವ ಊರು. ಹಾಗಾಗಿ ಅದಕ್ಕೂ ಮೊದಲು ಸಿಗುವ ಆಲ್ಬುಕರ್ಕಿಯಲ್ಲಿ ಉಳಿದುಕೊಂಡ ರಾತ್ರಿ ಫ್ಲಾಗ್‌ಸ್ಟಾಫ್ ಹವಾಮಾನ ನೋಡಿ. ಬಿರುಗಾಳಿ ಬರುವಂತಿದ್ದರೆ ಐ-25ರಲ್ಲಿ ಲಾಸ್ ಕ್ರೂಸಸ್‌ಗೆ ಇಳಿದು, ಇನ್ನೂ ದಕ್ಷಿಣದಲ್ಲಿರುವ ಐ-10 ಸೇರಬಹುದು. ಈ ಒಂದು ಅನುಕೂಲಕ್ಕೇ ನಾನು ಐ-40 ಹೇಳುತ್ತಿರುವುದು. ವಯೋಮಿಂಗ್ ನಡುವೆ ಸಿಕ್ಕಿಕೊಂಡರೆ ಹೀಗೆ ಪಕ್ಕಕ್ಕೆ ಸರಿಯಲು ದಾರಿ ಇಲ್ಲ.

ಹಿಮಕ್ಕಿಂತ ನನಗೆ ಭಯ ಆಗುವುದು ತಾರೀಖಿನದ್ದು. ಸೋಮವಾರ ಹೊಸ ಮನೆ ಕೀ ತಗೋಬೇಕು, ಮಂಗಳವಾರ ಆಫೀಸ್ ಅಂತ ಇಟ್ಟುಕೊಂಡರೆ ಎಂಥ ರಸ್ತೆಯಲ್ಲೂ ಗಾಡಿ ಓಡಿಸುವ ಹಟ ಬಂದುಬಿಡುತ್ತದೆ. ಆರು ದಿನದ ದಾರಿಗೆ ಒಂಬತ್ತು ದಿನ ಇಟ್ಟುಕೊಳ್ಳಿ. ಯಜಮಾನರು ಆಫೀಸಿಗೆ ಈಗಲೇ ಹೇಳಿಡಲಿ. ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ಬುಕ್ ಮಾಡಿ. ಕತ್ತಲಾದ ಮೇಲೆ ಓಡಿಸಬೇಡಿ. ಸೇತುವೆಗಳು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ, ರಾತ್ರಿ ಅದು ಬರೀ ಒದ್ದೆ ಇದ್ದ ಹಾಗೆ ಕಾಣುತ್ತದೆ.

ಕಾರಿನ ವಿಷಯ ಜಾಸ್ತಿ ಇಲ್ಲ. ಒಳ್ಳೆ ಟೈರ್, ಗಾಜು ತೊಳೆಯಲು ಚಳಿಗಾಲದ ವಾಷರ್ ಫ್ಲೂಯಿಡ್, ಟ್ಯಾಂಕ್ ಯಾವಾಗಲೂ ಅರ್ಧಕ್ಕಿಂತ ಮೇಲೆ. ಜಾಕೆಟ್, ಕಂಬಳಿ, ನೀರು, ಚಕ್ಕುಲಿ ಡಬ್ಬ ಸಾಮಾನಿನ ಅಡಿಗೆ ಹೋಗದೆ ಕೈಗೆ ಸಿಗುವಂತಿರಲಿ. ಮಗುವಿಗೆ ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನ ಬೆಲ್ಟ್ ಬಿಗಿಯಬೇಡಿ. ಗುದ್ದಿದಾಗ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಹಾಕಿದ ಮೇಲೆ ಜಾಕೆಟ್ಟನ್ನು ಮೇಲಿಂದ ಹೊದಿಸಿ.

ಎಲ್ಲಾದರೂ ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಗಂಟೆಗೆ ಹತ್ತು ನಿಮಿಷ ಎಂಜಿನ್ ಹಾಕಿ ಬೆಚ್ಚಗಾಗಿ. ಪ್ರತಿ ಸಲ ಎಂಜಿನ್ ಹಾಕುವ ಮುಂಚೆ ಇಳಿದು ಸೈಲೆನ್ಸರ್ ಬಾಯಿಂದ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿ ಜೀವಕ್ಕೆ ಅಪಾಯ. ಅದಕ್ಕೆ ವಾಸನೆಯೂ ಇರಲ್ಲ.