ಪೈಲಟ್ ಹೇಳಿದ್ದು, ಟವರ್‌ಗೆ ಕೇಳಿಸಿದ್ದು

ವಿಮಾನ ರನ್‌ವೇ ತುದಿಯಲ್ಲಿ ನಿಂತಿರುವಾಗ ಪೈಲಟ್ ಆಗಲಿ, ಏರ್ ಟ್ರಾಫಿಕ್ ಕಂಟ್ರೋಲರ್ ಆಗಲಿ ರೇಡಿಯೋದಲ್ಲಿ ಸುಮ್ನೆ 'ಟೇಕಾಫ್' ಅನ್ನುವಂತಿಲ್ಲ. ಹಾರಲು ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ ಆ ಮಾತು. ಉಳಿದ ಕಡೆಯೆಲ್ಲ 'ಡಿಪಾರ್ಚರ್'. ಈ ಪುಟ್ಟ ನಿಯಮದ ಹಿಂದೆ 583 ಜನರ ಸಾವಿದೆ.

1977ರ ಮಾರ್ಚ್ 27. ಸ್ಪೇನ್‌ನ ಕೆನರಿ ದ್ವೀಪಗಳಲ್ಲಿ ಲಾಸ್ ಪಾಲ್ಮಾಸ್ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. ಅಲ್ಲಿಗೆ ಬರಬೇಕಿದ್ದ ವಿಮಾನಗಳನ್ನು ಪಕ್ಕದ ಟೆನೆರಿಫ್ ದ್ವೀಪಕ್ಕೆ ತಿರುಗಿಸಿದರು. ಅಲ್ಲಿನದು ಒಂದೇ ರನ್‌ವೇ ಇದ್ದ ನಿಲ್ದಾಣ. ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯಲ್ಲಿ ವಿಮಾನಗಳು ತುಂಬಿಹೋಗಿದ್ದರಿಂದ ಹೊರಡುವವರು ರನ್‌ವೇ ಮೇಲೇ ಸಾಗಿ ಆ ತುದಿ ಮುಟ್ಟಬೇಕಿತ್ತು. ಸಾಲದ್ದಕ್ಕೆ ಮಂಜು ಕವಿಯಿತು. ಕೆಎಲ್‌ಎಂನ ಜಂಬೋ ವಿಮಾನ ತುದಿಗೆ ಹೋಗಿ ತಿರುಗಿ ನಿಂತಿತ್ತು. ಪ್ಯಾನ್ ಆಮ್‌ನ ಜಂಬೋ ಅದೇ ರನ್‌ವೇ ಮೇಲೆ ಇನ್ನೂ ಬರುತ್ತಿತ್ತು.

ಕಂಟ್ರೋಲರ್ ಕೆಎಲ್‌ಎಂಗೆ ಹಾರಿದ ಮೇಲೆ ಹಿಡಿಯಬೇಕಾದ ದಾರಿ ಯಾವುದೆಂದು ತಿಳಿಸಿದರು. ಆ ಮಾತಿನ ನಡುವೆ 'ಟೇಕಾಫ್' ಬಂತು. ಹಾರಲು ಅನುಮತಿಯೇ ಸಿಕ್ಕಿತು ಎಂದು ಕ್ಯಾಪ್ಟನ್ ವಿಮಾನ ಓಡಿಸಿಯೇಬಿಟ್ಟರು. ಕೋ-ಪೈಲಟ್ ರೇಡಿಯೋದಲ್ಲಿ 'ವಿ ಆರ್ ನೌ ಅಟ್ ಟೇಕಾಫ್' ಎಂದರು. ಟೇಕಾಫ್ ಜಾಗದಲ್ಲಿ ನಿಂತಿದ್ದಾರೆ ಎಂದುಕೊಂಡ ಕಂಟ್ರೋಲರ್ 'ಓಕೆ' ಎಂದು ಒಂದು ಕ್ಷಣ ತಡೆದು, ಕಾಯಿರಿ, ನಾನು ಕರೆಯುತ್ತೇನೆ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದರು. ಎರಡು ಮಾತು ಒಂದಕ್ಕೊಂದು ಡಿಕ್ಕಿ ಹೊಡೆದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೀರಲು ಸದ್ದಾಯಿತು. ಅಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ' ಒಂದೇ. ಓಡುತ್ತಿದ್ದ ಕೆಎಲ್‌ಎಂ ವಿಮಾನ ಪ್ಯಾನ್ ಆಮ್‌ಗೆ ಗುದ್ದಿತು.

ಈ ರೇಡಿಯೋದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೇಳುವವರಿಗೆ ಗೊಂದಲ. ಆ ದೋಷ ಇವತ್ತಿಗೂ ಪೂರ್ತಿ ಹೋಗಿಲ್ಲ.

ತಪ್ಪು ತಡೆಯಲು ಇರುವ ಮುಖ್ಯ ಉಪಾಯ ರೀಡ್‌ಬ್ಯಾಕ್. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಿರುಗಿ ಒಪ್ಪಿಸಬೇಕು, ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು. ಕಷ್ಟ ಇರುವುದು ಈ ಎರಡನೇ ಅರ್ಧದಲ್ಲಿ. 1989ರಲ್ಲಿ ಕ್ವಾಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಹೇಳಿದರು. ಹೇಳಿದ ರೀತಿ 'ಟೂ ಫೋರ್ ಜೀರೋ ಜೀರೋ'. ಪೈಲಟ್‌ಗೆ ಮೊದಲಿನ 'ಟೂ' ಎರಡು ಎಂಬ ಸಂಖ್ಯೆಯಾಗಿ ಕೇಳಿಸಲಿಲ್ಲ, '-ಕ್ಕೆ' ಎಂಬ ಅರ್ಥದ ಇಂಗ್ಲಿಷಿನ 'ಟು' ಆಗಿ, 400ಕ್ಕೆ ಇಳಿ ಎಂದು ಕೇಳಿಸಿತು. 'ಓಕೆ, ಫೋರ್ ಜೀರೋ ಜೀರೋ' ಎಂದು ಒಪ್ಪಿಸಿಯೂ ಬಿಟ್ಟರು. ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು.

ಮರುವರ್ಷ ನ್ಯೂಯಾರ್ಕ್‌ನಲ್ಲಿ ಆಗಿದ್ದು ಇದಕ್ಕಿಂತ ಬೇರೆ ಥರ. ಕೊಲಂಬಿಯಾದಿಂದ ಬಂದ ಅವಿಯಾಂಕಾ 52 ಆಕಾಶದಲ್ಲಿ ಒಂದು ಗಂಟೆಗೂ ಜಾಸ್ತಿ ಸುತ್ತಿತು. ಇಂಧನ ಮುಗಿಯುತ್ತಿದೆ, 'ಪ್ರಯಾರಿಟಿ' ಬೇಕು ಎಂದು ಕೋ-ಪೈಲಟ್ ಹೇಳಿದರು. 'ಎಮರ್ಜೆನ್ಸಿ' ಅನ್ನಲೇ ಇಲ್ಲ. ಎಮರ್ಜೆನ್ಸಿ ಎಂದು ತಿಳಿಸು ಎಂದು ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದರೆ, ತಿಳಿಸಿದ್ದೇನೆ ಎಂಬ ಉತ್ತರ ಬಂತು. ಅವಸರ ಎಷ್ಟಿದೆ ಎಂಬುದು ಕಂಟ್ರೋಲರ್‌ಗಳಿಗೆ ಗೊತ್ತಾಗಲೇ ಇಲ್ಲ. ಎಂಜಿನ್‌ಗಳು ನಿಂತು ವಿಮಾನ ಬಿತ್ತು. 73 ಜನ ಸತ್ತರು.

ನಮ್ಮಲ್ಲಿ ಇಂಥ ಮಾತು ಬಂದಾಗಲೆಲ್ಲ ನೆನಪಾಗುವುದು ಹರಿಯಾಣದ ಚರ್ಖಿ ದಾದ್ರಿ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ ಜಂಬೋಗೆ 14,000 ಅಡಿ ಕೊಟ್ಟಿದ್ದರು. ಎದುರಿನಿಂದ ಇಳಿಯುತ್ತಿದ್ದ ಕಝಾಕಿಸ್ತಾನದ ಇಲ್ಯೂಷಿನ್ ವಿಮಾನಕ್ಕೆ 15,000 ಅಡಿ. ಎದುರಿಗೆ ಜಂಬೋ ಇದೆ ಎಂದು ಕಂಟ್ರೋಲರ್ ಹೇಳಿದರು. ಎಷ್ಟು ಮೈಲಿ ದೂರ ಎಂದು ಕೇಳಿದಾಗ 14 ಮೈಲಿ ಎಂದರು. ಅದು 140ನೇ ಲೆವೆಲ್‌ನಲ್ಲಿದೆ, ಅಂದರೆ 14,000 ಅಡಿ, ಎಂದೂ ಹೇಳಿದರು. ಕಝಾಕ್ ವಿಮಾನದಲ್ಲಿ ಟವರ್ ಜೊತೆ ಮಾತಾಡಲು ಬೇರೆಯೇ ರೇಡಿಯೋ ಆಪರೇಟರ್ ಇದ್ದರು. ಎತ್ತರ ತೋರಿಸುವ ಮೀಟರ್ ಅವರ ಮುಂದೆ ಇರಲಿಲ್ಲ, ಪೈಲಟ್‌ಗಳ ಮೀಟರನ್ನು ಇಣುಕಿ ನೋಡಬೇಕಿತ್ತು. ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ದೆಹಲಿಯ ಆಗಿನ ರಾಡಾರ್‌ಗೆ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಇದ್ದದ್ದು ಒಂದೇ ದಾರಿ. ಎರಡೂ ಡಿಕ್ಕಿಯಾದವು. ಎರಡೂ ವಿಮಾನಗಳಲ್ಲಿದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಹೋಗುವ, ಬರುವ ದಾರಿಗಳು ಬೇರೆಯಾದವು. ಡಿಕ್ಕಿ ಆಗುವಂತಿದ್ದರೆ ಕಾಕ್‌ಪಿಟ್‌ನಲ್ಲೇ ಎಚ್ಚರಿಸುವ ಯಂತ್ರ ಕಡ್ಡಾಯವಾಯಿತು.

ಚರ್ಖಿ ದಾದ್ರಿಯಂಥ ದುರಂತಗಳ ನಂತರ ರೇಡಿಯೋದಲ್ಲಿ ಆಡುವ ಇಂಗ್ಲಿಷ್ ಮೇಲೆ ಎಲ್ಲರ ಕಣ್ಣು ಬಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2003ರಲ್ಲಿ ಭಾಷಾ ಪರೀಕ್ಷೆಯ ನಿಯಮ ತಂದಿತು. ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೆಯದು ಮುಟ್ಟಲೇಬೇಕು. 2008ರ ಗಡುವು ಎಷ್ಟೋ ದೇಶಗಳಿಗೆ ಸಾಲದೆ 2011ರವರೆಗೆ ಎಳೆಯಿತು. ಒಳ್ಳೆಯ ಕೆಲಸವೇ. ಆದರೆ ಎಲ್ಲದಕ್ಕೂ ಇಂಗ್ಲಿಷನ್ನೇ ದೂರುವುದು ನನಗೆ ಸರಿ ಕಾಣುವುದಿಲ್ಲ. ಜಾಸ್ತಿ ಕಾಡುವುದು ನಿರೀಕ್ಷೆ: ಏನು ಕೇಳಿಸಬೇಕೆಂದು ಕಾಯುತ್ತೇವೋ ಅದೇ ಕೇಳಿಸುತ್ತದೆ.

2024ರ ಜನವರಿ 2ರಂದು ಟೋಕಿಯೋದ ಹನೇಡಾ ವಿಮಾನ ನಿಲ್ದಾಣದಲ್ಲಿ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಕಂಟ್ರೋಲರ್ 'ನಂಬರ್ ಒನ್' ಎಂದರು. ಹಾರುವ ಸಾಲಿನಲ್ಲಿ ನೀನು ಮೊದಲು, ಸದ್ಯಕ್ಕೆ ರನ್‌ವೇ ಅಂಚಿನಲ್ಲಿ ನಿಲ್ಲು ಎಂಬ ಅರ್ಥದಲ್ಲಿ. ಭೂಕಂಪ ಪೀಡಿತರಿಗೆ ಸಾಮಗ್ರಿ ಒಯ್ಯುತ್ತಿದ್ದ ಕ್ಯಾಪ್ಟನ್‌ಗೆ ಒಳಗೆ ಹೋಗಲು ಬಿಟ್ಟರು ಅನ್ನಿಸಿತು. ರನ್‌ವೇ ಮೇಲೆ ಸುಮಾರು 40 ಸೆಕೆಂಡ್ ನಿಂತರು. ಅಷ್ಟರಲ್ಲಿ ಜಪಾನ್ ಏರ್‌ಲೈನ್ಸ್‌ನ ಏರ್‌ಬಸ್ ಬಂದಿಳಿದು ಡಿಕ್ಕಿ ಹೊಡೆಯಿತು. ಏರ್‌ಬಸ್‌ನಲ್ಲಿದ್ದ 379 ಜನರೂ ಪಾರಾದರು, ಚಿಕ್ಕ ವಿಮಾನದ ಆರು ಜನರಲ್ಲಿ ಐವರು ಸತ್ತರು.

ಬೆಂಗಳೂರಿನಲ್ಲೂ 2022ರ ಜನವರಿಯಲ್ಲಿ ಹೊರಟ ಎರಡು ಇಂಡಿಗೋ ವಿಮಾನಗಳು ಮೇಲೆ ತೀರಾ ಹತ್ತಿರ ಬಂದಿದ್ದವು. ಅಲ್ಲಿ ಪೈಲಟ್‌ಗಳ ತಪ್ಪಿರಲಿಲ್ಲ. ಒಂದು ರನ್‌ವೇ ಮುಚ್ಚುವ ತೀರ್ಮಾನ ಪಕ್ಕದ ಕಂಟ್ರೋಲರ್‌ಗೇ ತಲುಪಿರಲಿಲ್ಲ. ರಾಡಾರ್ ಮುಂದಿದ್ದವರು ನೋಡಿ ಇಬ್ಬರನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು.

ಸಾಗರದ ಮೇಲೆ ಹಾರುವಾಗ ಈಗ ಮೆಸೇಜ್ ಕಳಿಸಿಯೇ ಎತ್ತರ ಕೇಳಬಹುದು. ಇಳಿಯುವ ಕೊನೆ ನಿಮಿಷಗಳಲ್ಲಿ ಓದುತ್ತ ಕೂರಲು ಪುರುಸೊತ್ತಿಲ್ಲ, ಅಲ್ವಾ? ಅಲ್ಲಿ ಅದೇ ರೇಡಿಯೋ. ಹಾಗಾಗಿ ಅಮೆರಿಕದ ಕೆಲವು ದೊಡ್ಡ ನಿಲ್ದಾಣಗಳಲ್ಲಿ ರನ್‌ವೇಗೇ ಕೆಂಪು ದೀಪ ಹಾಕಿದ್ದಾರೆ. ಬೇರೆ ವಿಮಾನ ಅಡ್ಡ ಇದ್ದರೆ ಅವು ತಾವಾಗಿ ಹತ್ತಿಕೊಳ್ಳುತ್ತವೆ. ಟವರ್‌ನವರು ಹೋಗು ಎಂದಿದ್ದರೂ ಪೈಲಟ್ ಆಗ ನಿಲ್ಲಬೇಕು.