ಬಸವನಗುಡಿಯಲ್ಲಿ ಸಂಜೆ ಮೇಲೆ ಏನಿದೆ?

ಪ್ರಶ್ನೆ: ಬೆಂಗಳೂರಿಗೆ ಒಂದು ದಿನದ ಮಟ್ಟಿಗೆ ಬರುತ್ತಿದ್ದೇವೆ. ಬಸವನಗುಡಿ ನೋಡಲೇಬೇಕು ಅಂತಾರೆ. ದೇವಸ್ಥಾನ ಬಿಟ್ಟರೆ ರಾತ್ರಿ ಹೊತ್ತು ಅಲ್ಲಿ ಏನಾದರೂ ಇದೆಯಾ?

ಉತ್ತರ: ಖಂಡಿತ ಇದೆ. ಪಬ್ಬು, ಡಿಜೆ ಬೇಕಿದ್ದರೆ ಇಂದಿರಾನಗರಕ್ಕೆ ಹೋಗಿ. ಬಸವನಗುಡಿಯ ರಾತ್ರಿ ಬೀದಿಯಲ್ಲಿ ನಿಂತು ತಿನ್ನುವವರದು, ಮಾತಾಡುತ್ತಾ ಅಡ್ಡಾಡುವವರದು. ಹಾಗಾಗಿ ನಾಲ್ಕು ಗಂಟೆಯ ಮೇಲೆ ಬನ್ನಿ.

1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗಾಗಿ ಬೆಳೆದ ಬಡಾವಣೆ ಇದು. ನಡೆದೇ ನೋಡಬೇಕು. ಮೊದಲು ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನ ಬಸವ, ಎತ್ತರ ಸುಮಾರು 15 ಅಡಿ. ಮೂಲದಲ್ಲಿ ಬೂದು ಬಣ್ಣದ ಕಲ್ಲು, ಹಚ್ಚಿದ ಎಣ್ಣೆ ಹೀರಿ ಹೀರಿ ಕಪ್ಪಾಗಿದೆ. ಪಕ್ಕದ ಕಹಳೆ ಬಂಡೆಯ ಮೇಲೆ ಹೊತ್ತು ಮುಳುಗುವವರೆಗೆ ಕೂರಬಹುದು.

ಅಲ್ಲಿಂದ ಗಾಂಧಿ ಬಜಾರಿಗೆ. ಹಬ್ಬದ ಹಿಂದಿನ ಸಂಜೆಯಾದರೆ ನಿಮ್ಮ ಅದೃಷ್ಟ: ಮಲ್ಲಿಗೆ, ಸೇವಂತಿಗೆ, ಮಾವಿನ ಸೊಪ್ಪು, ಚೌಕಾಸಿ, ಕಾಲಿಡಲು ಜಾಗ ಇರುವುದಿಲ್ಲ. 1943ರಿಂದಿರುವ ವಿದ್ಯಾರ್ಥಿ ಭವನ ಇಲ್ಲೇ. ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸರ್ವರನ್ನು ನೋಡುವುದೇ ಒಂದು ಖುಷಿ. ಹೊರಗೆ ಕಾಯಬೇಕಾಗುತ್ತದೆ, ಕಾಯಿರಿ. ಶುಕ್ರವಾರ ಮಾತ್ರ ರಜೆ.

ಕತ್ತಲಾದ ಮೇಲೆ ಸಜ್ಜನ್ ರಾವ್ ವೃತ್ತದ ಹತ್ತಿರದ ವಿ.ವಿ. ಪುರಂ ತಿಂಡಿ ಬೀದಿ. ಹಗಲು ಸಾಧಾರಣ ರಸ್ತೆ. ದೀಪ ಹತ್ತಿದ ಮೇಲೆ ಅದರ ಗತ್ತೇ ಬೇರೆ. ಕಾವಲಿಯ ಮೇಲೆ ತುಪ್ಪ ಬಿದ್ದು ಚುರ್ ಅನ್ನುವ ಹೋಳಿಗೆ, ಪಡ್ಡು, ಬಜ್ಜಿ, ಬಿಸಿ ಜಿಲೇಬಿ. ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ, ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ. ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಹಿತಕಿದ ಬೇಳೆಯ ತಿಂಡಿಗಳನ್ನು ಬಿಡಲೇಬಾರದು.

ದಿನ ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲಿದ್ದರೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಬನ್ನಿ, ಕಡಲೆಕಾಯಿ ಪರಿಷೆಗೆ. ಸುತ್ತಲಿನ ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ಅರ್ಪಿಸುತ್ತಿದ್ದ ಪದ್ಧತಿಯಿಂದ ಬೆಳೆದ ಜಾತ್ರೆ. ರಸ್ತೆಯ ಎರಡೂ ಬದಿ ಹಸಿ, ಹುರಿದ, ಬೇಯಿಸಿದ ಕಾಯಿಯ ರಾಶಿ. ಸೇರಿನಲ್ಲಿ ಅಳೆದು ಕೊಡುತ್ತಾರೆ. ರಾತ್ರಿ ಜನಸಂದಣಿ ಇನ್ನೂ ಹೆಚ್ಚು, ಮಕ್ಕಳ ಕೈ ಬಿಡಬೇಡಿ.

ಕಾರು ತರಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರಿಗೂ ತಿಂಡಿ ಬೀದಿಗೂ ನಡೆದೇ ಹೋಗಬಹುದು.