ಕರಾವಳಿ ಕಡಲಿನ ಸಸ್ಯಪ್ಲವಕಗಳು: ಯಾವ ಕಾಲಕ್ಕೆ ಯಾರ ಸರದಿ?

ಪೋಷಕಾಂಶ ಜಾಸ್ತಿಯಾದರೆ ಪಾಚಿ ಜಾಸ್ತಿ. ಕುಕ್ಕರಹಳ್ಳಿ ಕೆರೆ ಹಸಿರುಗಟ್ಟುವುದನ್ನು ನೋಡಿದ ಮೈಸೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಡಲಲ್ಲಿ ತೇಲುವ ಪಾಚಿಯಂಥ ಸೂಕ್ಷ್ಮಜೀವಿಗಳೇ ಸಸ್ಯಪ್ಲವಕಗಳು. ಆದರೆ ಕಡಲಿನ ಅಧ್ಯಾಯದಲ್ಲಿ ಇಷ್ಟನ್ನೇ ಬರೆದರೆ ಅಂಕ ಸಿಗುವುದು ಕಷ್ಟ. ಯಾವ ಪಾಚಿ ಬೆಳೆಯಿತು, ಬೇರೆಯದನ್ನು ಬಿಟ್ಟು ಅದೇ ಯಾಕೆ ಬೆಳೆಯಿತು ಅನ್ನುವುದು ಅಲ್ಲಿನ ಪ್ರಶ್ನೆ. ಮೈಸೂರು ವಿಶ್ವವಿದ್ಯಾಲಯದ ಮಾನಸ ಗಂಗೋತ್ರಿಯಲ್ಲಿ ಕೂತು ಕಡಲು ಓದುತ್ತಿರುವ ನಮ್ಮಂಥವರಿಗಾಗಿ ಈ ಟಿಪ್ಪಣಿ.

ಮೊದಲು ಯಾರು ಯಾರು ಇದ್ದಾರೆ ನೋಡೋಣ. ಡಯಾಟಮ್‌ಗಳಿಗೆ ಸಿಲಿಕಾದ ಚಿಪ್ಪು ಇರುತ್ತದೆ. ಭಾರ ಜಾಸ್ತಿ, ಈಜಲು ಕಶಾಂಗ, ಅಂದರೆ ಚಾವಟಿಯಂಥ ಎಳೆ, ಇಲ್ಲ. ನೀರು ಅಲುಗಾಡದೆ ನಿಂತರೆ ಬೆಳಕಿನ ಪದರದಿಂದ ಕೆಳಗಿಳಿದುಬಿಡುತ್ತವೆ. ಗಾಳಿ ನೀರನ್ನು ಕಲಕುತ್ತಿದ್ದರೆ ಮೇಲೆ ಉಳಿಯುತ್ತವೆ, ಪೋಷಕಾಂಶ ಸಿಕ್ಕಿದರೆ ಬಲು ಬೇಗ ಬೆಳೆಯುತ್ತವೆ. ಡೈನೋಫ್ಲಾಜೆಲೇಟ್‌ಗಳಿಗೆ ಎರಡು ಕಶಾಂಗ. ಹಗಲು ಬೆಳಕಿಗೆ ಮೇಲೆ ಬಂದು, ರಾತ್ರಿ ಪೋಷಕಾಂಶ ಹುಡುಕಿ ಕೆಳಗಿಳಿಯುವ ಜಾತಿಗಳು ಇವುಗಳಲ್ಲಿವೆ. ಹಾಗಾಗಿ ಪದರಗಟ್ಟಿ ನಿಂತ ನೀರು ಇವಕ್ಕೆ ಒಗ್ಗುತ್ತದೆ. ಇನ್ನು ಸಯನೋಬ್ಯಾಕ್ಟೀರಿಯಾ, ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ. ಸೈನೆಕೊಕಾಕಸ್‌ನಂಥವು 2 ಮೈಕ್ರೊಮೀಟರ್‌ಗಿಂತ ಚಿಕ್ಕವು. ಜೀವಕೋಶ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಜಾಸ್ತಿ. ಅದಕ್ಕೇ ಪೋಷಕಾಂಶ ತೀರ ಕಡಿಮೆ ಇರುವ ನೀರಿನಲ್ಲೂ ಅವು ಬದುಕುತ್ತವೆ.

ರಮೋನ್ ಮಾರ್ಗಲೆಫ್ ಎಂಬ ಸ್ಪೇನಿನ ವಿಜ್ಞಾನಿ 1978ರಲ್ಲಿ ಇದನ್ನೇ ಒಂದು ಚಿತ್ರವಾಗಿ ಬರೆದರು. ಒಂದು ಅಕ್ಷದಲ್ಲಿ ನೀರಿನ ಕಲಕಾಟ, ಇನ್ನೊಂದರಲ್ಲಿ ಪೋಷಕಾಂಶ. ಎರಡೂ ಜಾಸ್ತಿ ಇರುವ ಮೂಲೆಯಲ್ಲಿ ಡಯಾಟಮ್. ಎರಡೂ ಕಡಿಮೆಯಾಗುತ್ತಾ ಹೋದ ಹಾಗೆ ಡೈನೋಫ್ಲಾಜೆಲೇಟ್‌ಗಳ ಕಡೆಗೆ ಸಾಗುತ್ತೇವೆ. ಕಲಕಾಟ ಕಡಿಮೆ, ಪೋಷಕಾಂಶ ಮಾತ್ರ ಜಾಸ್ತಿ ಇರುವ ಮೂಲೆ ರೆಡ್ ಟೈಡ್‌ನದ್ದು, ಅಂದರೆ ಪಾಚಿ ಒಮ್ಮೆಲೇ ವಿಪರೀತ ಬೆಳೆದು ನೀರು ಕೆಂಪಾಗಿ ಕಾಣುವುದು. ಈ ಚಿತ್ರವನ್ನು ಕೈಯಲ್ಲಿ ಒಮ್ಮೆ ಬಿಡಿಸಿ ನೋಡಿ. ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಈಗ ಅದನ್ನು ಮಂಗಳೂರು–ಕಾರವಾರದ ಕಡಲಿಗೆ ಹಚ್ಚೋಣ. ಮುಂಗಾರಿನಲ್ಲಿ ಈ ತೀರದುದ್ದಕ್ಕೂ ಬೀಸುವ ಗಾಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸಾಗುವ ಒಂದು ಪಾಲು ಇರುತ್ತದೆ. ಭೂಮಿ ತಿರುಗುವುದರಿಂದ, ನಮ್ಮ ಗೋಳಾರ್ಧದಲ್ಲಿ ಮೇಲಿನ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಪಶ್ಚಿಮಕ್ಕೆ ಅಲ್ವಾ? ನೀರು ಸರಿಯುವುದೂ ಅತ್ತಲೇ, ದಡದಿಂದ ದೂರಕ್ಕೆ. ಇದೇ ಎಕ್ಮನ್ ಸಾಗಣೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಹೊತ್ತುಕೊಂಡು. ಕೇರಳದ ಕಡೆ ಈ ಏರಿಕೆ ಜೋರು, ಉತ್ತರಕ್ಕೆ ಹೋದಂತೆ ಸಣ್ಣದಾಗುತ್ತದೆ. ಡಯಾಟಮ್‌ಗಳಿಗೆ ಇದು ಸುಗ್ಗಿಯ ಕಾಲ.

ಒಂದು ತೊಡಕಿದೆ, ಪಠ್ಯಗಳು ಇದನ್ನು ಬೇಗ ದಾಟಿಬಿಡುತ್ತವೆ. ಅದೇ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಮಳೆಯೂ ನೇತ್ರಾವತಿ, ಶರಾವತಿ, ಕಾಳಿಯ ನೀರೂ ಕಡಲಿಗೆ ಸೇರುತ್ತವೆ. ಸಿಹಿನೀರು ಹಗುರ. ಏರಿ ಬಂದ ನೀರಿನ ಮೇಲೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಒಂದು ತೆಳು ಪದರವಾಗಿ ಕೂತುಬಿಡುತ್ತದೆ. ಮೇಲೆ ಮೋಡ, ನೀರಲ್ಲಿ ಕೆಸರು. ಪೋಷಕಾಂಶವಿದ್ದರೂ ಬೆಳಕು ಸಾಲದು. ಹಾಗಾಗಿ ಮುಂಗಾರು ಬಂತು, ಡಯಾಟಮ್ ಬಂತು ಎಂದು ನೇರ ಗೆರೆ ಎಳೆಯಬೇಡಿ. ಜೊತೆಗೆ, ಏರಿ ಬರುವ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಬೆಳೆದ ಪಾಚಿ ಸತ್ತು ತಳ ಸೇರಿ ಕೊಳೆತಾಗ ಅದು ಇನ್ನೂ ಇಳಿಯುತ್ತದೆ.

ಮುಂಗಾರಿಗೆ ಮೊದಲಿನ ಬೇಸಿಗೆಯಲ್ಲಿ ಕಥೆಯೇ ಬೇರೆ. ಬೆಚ್ಚನೆಯ, ಶಾಂತ ಕಡಲು, ನೈಟ್ರೇಟ್ ಹೆಚ್ಚುಕಡಿಮೆ ಖಾಲಿ. ಆಗ ಟ್ರೈಕೊಡೆಸ್ಮಿಯಂ ಎಂಬ ಸಯನೋಬ್ಯಾಕ್ಟೀರಿಯಾ ಮೇಲೇಳುತ್ತದೆ. ನೀರಲ್ಲಿ ಕರಗಿದ ನೈಟ್ರೊಜನ್ ಅನಿಲವನ್ನೇ ಅದು ಬಳಸಿಕೊಳ್ಳಬಲ್ಲದು. ಜೀವಕೋಶದೊಳಗಿನ ಗಾಳಿ ಚೀಲಗಳಿಂದ ತೇಲುತ್ತದೆ. ನಾವಿಕರು ಇದನ್ನು ಕಡಲ ಮರದಪುಡಿ ಎಂದು ಕರೆದದ್ದೂ ಇದೆ.

ಪೋಷಕಾಂಶದ ಮೊತ್ತದಷ್ಟೇ ಅನುಪಾತವೂ ಮುಖ್ಯ. ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿಯ ಹೆಸರಿನ ಅನುಪಾತದ ಪ್ರಕಾರ ಪ್ಲವಕಗಳ ದೇಹದಲ್ಲಿ ಕಾರ್ಬನ್, ನೈಟ್ರೊಜನ್, ಫಾಸ್ಫರಸ್ ಪರಮಾಣುಗಳು ಸರಾಸರಿ 106:16:1. ಡಯಾಟಮ್‌ಗಳಿಗೆ ಇದರ ಜೊತೆ ನೈಟ್ರೊಜನ್‌ನಷ್ಟೇ ಸಿಲಿಕಾನ್ ಕೂಡ ಸುಮಾರಾಗಿ ಬೇಕು. ಇಲ್ಲಿ ಕಾವೇರಿಗೆ ಕಟ್ಟಿದ ನಮ್ಮ ಕೆಆರ್‌ಎಸ್ ಅಣೆಕಟ್ಟು ನೆನಪಿಸಿಕೊಳ್ಳಿ. ಕಾವೇರಿ ಸೇರುವುದು ಬಂಗಾಳ ಕೊಲ್ಲಿಗೆ, ಮೇಲೆ ಹೇಳಿದ ಕಡಲಿಗೆ ಅಲ್ಲ. ಆದರೆ ತತ್ವ ಒಂದೇ. ಯಾವುದೇ ಜಲಾಶಯದ ನಿಂತ ನೀರಿನಲ್ಲಿ ಸಿಹಿನೀರಿನ ಡಯಾಟಮ್‌ಗಳು ಸಿಲಿಕೇಟ್ ಹೀರಿ ಬೆಳೆದು ತಳಕ್ಕೆ ಇಳಿಯಬಹುದು. ಕೆಳಗಿನ ಕಬ್ಬು, ಭತ್ತದ ಗದ್ದೆಗಳಿಂದ ಯೂರಿಯಾದ ನೈಟ್ರೊಜನ್ ಮಾತ್ರ ನದಿಗೆ ಸೇರುತ್ತಲೇ ಇರುತ್ತದೆ. ಹೀಗೆ ಅನುಪಾತ ವಾಲಿದರೆ ಕಡಲಲ್ಲಿ ಡಯಾಟಮ್‌ಗಳ ಜಾಗಕ್ಕೆ ಚಿಪ್ಪು ಬೇಡದವು ಬರುತ್ತವೆ. ಡ್ಯಾನ್ಯೂಬ್ ನದಿಯ ಐರನ್ ಗೇಟ್ ಅಣೆಕಟ್ಟು ಕಪ್ಪು ಸಮುದ್ರದಲ್ಲಿ ಇಂಥ ಬದಲಾವಣೆ ತಂದಿತು ಎಂದು 1997ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಆದರೆ ಆ ಒಂದು ಅಣೆಕಟ್ಟು ಹಿಡಿದಿಡುವ ಸಿಲಿಕೇಟ್ ಬಹಳ ಕಡಿಮೆ ಎಂದು 2004ರ ಅಳತೆಗಳು ತೋರಿಸಿದವು. ಉದಾಹರಣೆ ಬರೆಯುವಾಗ ಎರಡನ್ನೂ ಬರೆಯಿರಿ. ಒಂದನ್ನೇ ಹಿಡಿದುಕೊಂಡರೆ ಉತ್ತರ ಹಳೆಯದಾಗುತ್ತದೆ.

ಕೊನೆಯದಾಗಿ ಅಳತೆಯ ವಿಷಯ. ಉಪಗ್ರಹ ಕಡಲಿನ ಬಣ್ಣದಿಂದ ಮುಖ್ಯವಾಗಿ ಕ್ಲೋರೊಫಿಲ್ ಎಷ್ಟಿದೆ ಎಂದು ಅಂದಾಜು ಮಾಡುತ್ತದೆ. ಇಸ್ರೋದ ಓಷನ್‌ಸ್ಯಾಟ್ ಸರಣಿಯ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಯಾರಿದ್ದಾರೆ ಎಂದು ತಿಳಿಯಲು ನೀರಿನ ಮಾದರಿ ಬೇಕು, ಸೂಕ್ಷ್ಮದರ್ಶಕ ಇಲ್ಲವೇ ವರ್ಣಕಗಳ ವಿಶ್ಲೇಷಣೆ ಬೇಕು. ಫ್ಯೂಕೊಜಾಂಥಿನ್ ಜಾಸ್ತಿ ಸಿಕ್ಕರೆ ಡಯಾಟಮ್ ಇರಬಹುದು, ಪೆರಿಡಿನಿನ್ ಸಿಕ್ಕರೆ ಡೈನೋಫ್ಲಾಜೆಲೇಟ್, ಜಿಯಾಜಾಂಥಿನ್ ಸಿಕ್ಕರೆ ಸಯನೋಬ್ಯಾಕ್ಟೀರಿಯಾ. ಮುಂಗಾರಿನಲ್ಲಿ ಮೋಡದಿಂದಾಗಿ ಉಪಗ್ರಹಕ್ಕೆ ಕಡಲು ಕಾಣುವುದಿಲ್ಲ, ಅಬ್ಬರದಿಂದಾಗಿ ದೋಣಿ ಇಳಿಸುವುದೂ ಕಷ್ಟ. ಯಾವುದೇ ವಾರ್ಷಿಕ ಗ್ರಾಫ್ ಕೈಗೆ ಬಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟು ಮಾದರಿ ತೆಗೆದಿದ್ದಾರೆ ಎಂದು ಮೊದಲು ನೋಡಿ, ಆಮೇಲೆ ಗೆರೆ ನಂಬಿ.